ಸೌದೆ ಕೊಯ್ಯಲು ಹೆಚ್ಚು ಶಕ್ತಿಯ ಚೈನ್‌ಸಾ: ಖರೀದಿಗೆ ಮುನ್ನ ಮಾಡಬೇಕಾದ ಲೆಕ್ಕ

ಶಿವಮೊಗ್ಗ ಮತ್ತು ಭದ್ರಾವತಿಯ ವಾಣಿಜ್ಯ ಚರಿತ್ರೆಯಲ್ಲಿ ಸೌದೆಗೆ ದೊಡ್ಡ ಸ್ಥಾನವಿದೆ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ 1918ರಲ್ಲಿ ಅಂಕುರಿಸಿ, 1923ರಲ್ಲಿ ಉತ್ಪಾದನೆಗೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಹುಟ್ಟಿದ್ದು ಕಲ್ಲಿದ್ದಲನ್ನು ನೆಚ್ಚಿಕೊಂಡಲ್ಲ, ಮಲೆನಾಡಿನ ಮರದಿಂದ ತಯಾರಾದ ಇದ್ದಿಲನ್ನು ನೆಚ್ಚಿಕೊಂಡು. ಅಂದು ಊದುಕುಲುಮೆಯ ಹೊಟ್ಟೆಗೆ ಬೇಕಾದ ಮರವನ್ನು ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸಗಳಿಂದಲೇ ತುಂಡರಿಸಬೇಕಾಗಿತ್ತು. ಆ ಕಾಲ ಕಳೆದುಹೋಗಿದೆ. ಆದರೆ ಸೌದೆಯ ವ್ಯಾಪಾರ ಕಳೆದುಹೋಗಿಲ್ಲ. ಅಡಿಕೆ ಬೇಯಿಸುವ ಒಲೆಗಳು, ಬೇಕರಿಗಳು, ಹೋಟೆಲುಗಳು, ಕಲ್ಯಾಣ ಮಂಟಪಗಳು, ಇಟ್ಟಿಗೆ ಗೂಡುಗಳು ಮತ್ತು ಸಣ್ಣ ಬಾಯ್ಲರುಗಳು ಇಂದಿಗೂ ಈ ಭಾಗದ ಸೌದೆ ಡಿಪೋಗಳನ್ನು ಅವಲಂಬಿಸಿವೆ.

ಇಂತಹ ಡಿಪೋಗಳಲ್ಲಿ ಕೈಗರಗಸದ ಸ್ಥಾನವನ್ನು ಚೈನ್‌ಸಾ ಎಂದೇ ಬಳಕೆಯಲ್ಲಿರುವ ಸರಪಳಿ ಗರಗಸ ಬಹುಮಟ್ಟಿಗೆ ಆಕ್ರಮಿಸಿದೆ. ಮೊದಲು ಸಣ್ಣ ಯಂತ್ರವೊಂದನ್ನು ಕೊಂಡ ವರ್ತಕರು ಒಂದೆರಡು ವರ್ಷಗಳಲ್ಲಿ, ಇದಕ್ಕಿಂತ ಹೆಚ್ಚು ಶಕ್ತಿಯ ಯಂತ್ರ ಬೇಕೆಂಬ ತೀರ್ಮಾನಕ್ಕೆ ಬರುವುದು ಸಾಮಾನ್ಯ. ಕೆಲವರಿಗೆ ಅದು ನಿಜವಾಗಿಯೂ ಅವಶ್ಯ. ಹಲವರಿಗೆ ಅದು ಬೇರೆ ಯಾವುದೋ ಕೊರತೆಯನ್ನು ದುಬಾರಿ ಬೆಲೆ ತೆತ್ತು ಮುಚ್ಚುವ ಪ್ರಯತ್ನ. ಇವೆರಡರಲ್ಲಿ ತಮ್ಮದು ಯಾವುದು ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ಟೇಪು, ಗಡಿಯಾರ ಮತ್ತು ಒಂದು ಹಾಳೆ ಕಾಗದದ ನೆರವಿನಿಂದ ತಿಳಿದುಕೊಳ್ಳಬಹುದು. ಆ ಲೆಕ್ಕದ ವಿಧಾನವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಶಕ್ತಿ ಎಂದರೆ ಏನು?

ಯಂತ್ರದ ಮೇಲೆ ದೊಡ್ಡ ಅಕ್ಷರಗಳಲ್ಲಿ ಕಾಣುವ ಸಿ.ಸಿ. ಎಂಬುದು ಸಿಲಿಂಡರಿನ ಗಾತ್ರವೇ ಹೊರತು ಶಕ್ತಿಯಲ್ಲ. ಶಕ್ತಿಯನ್ನು ಕಿಲೋವ್ಯಾಟ್‌ನಲ್ಲಿ ಅಳೆಯುತ್ತಾರೆ. 1 ಕಿಲೋವ್ಯಾಟ್ ಎಂದರೆ ಸುಮಾರು 1.34 ಅಶ್ವಶಕ್ತಿ. ಮಾರುಕಟ್ಟೆಯಲ್ಲಿರುವ ಯಂತ್ರಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. 30ರಿಂದ 40 ಸಿ.ಸಿ.ಯ ಯಂತ್ರಗಳು ಮನೆ ಮತ್ತು ತೋಟದ ಬಳಕೆಗೆ ಸೇರಿದವು. 45ರಿಂದ 55 ಸಿ.ಸಿ.ಯವು ಮಧ್ಯಮ ವರ್ಗದವು. 60 ಸಿ.ಸಿ.ಗೆ ಮೇಲ್ಪಟ್ಟವು ಮರ ಉರುಳಿಸುವ ವೃತ್ತಿಪರರಿಗಾಗಿ ನಿರ್ಮಿತವಾದವು. ಉದಾಹರಣೆಗೆ ಸ್ಟಿಲ್ ಕಂಪನಿಯ ಎಂ.ಎಸ್. 180 ಮಾದರಿಯು 31.8 ಸಿ.ಸಿ.ಯದು, ಅದರ ಶಕ್ತಿ ಸುಮಾರು 1.4 ಕಿಲೋವ್ಯಾಟ್. ಅದೇ ಕಂಪನಿಯ ಎಂ.ಎಸ್. 250 ಮಾದರಿ 45.4 ಸಿ.ಸಿ. ಮತ್ತು 2.3 ಕಿಲೋವ್ಯಾಟ್. ಎಂ.ಎಸ್. 382 ಮಾದರಿ 72.2 ಸಿ.ಸಿ. ಮತ್ತು 3.9 ಕಿಲೋವ್ಯಾಟ್. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು: ಮೊದಲನೆಯದಕ್ಕೂ ಕೊನೆಯದಕ್ಕೂ ಸಿ.ಸಿ.ಯಲ್ಲಿ ಎರಡೂಕಾಲು ಪಟ್ಟು ಅಂತರವಿದ್ದರೆ, ಶಕ್ತಿಯಲ್ಲಿ ಎರಡೂಮುಕ್ಕಾಲು ಪಟ್ಟು ಅಂತರವಿದೆ. ಆದ್ದರಿಂದ 52, 58 ಎಂದು ದೊಡ್ಡದಾಗಿ ಮುದ್ರಿಸಿ ಅಗ್ಗದ ದರದಲ್ಲಿ ಮಾರಾಟವಾಗುವ ಯಂತ್ರಗಳನ್ನು ನೋಡುವಾಗ ಆ ಅಂಕಿಗೆ ಮರುಳಾಗದೆ, ಕೈಪಿಡಿಯಲ್ಲಿ ನಮೂದಿಸಿರುವ ಕಿಲೋವ್ಯಾಟ್ ಅಂಕಿಯನ್ನು ಓದಿ ಹೋಲಿಸುವುದು ಒಳಿತು.

ಎಂಜಿನಿನ ಶಕ್ತಿ ಸ್ಪ್ರಾಕೆಟ್ ಎಂಬ ಹಲ್ಲುಗಾಲಿಯ ಮೂಲಕ ಸರಪಳಿಗೆ ತಲುಪುತ್ತದೆ. ಮುಕ್ಕಾಲು ಅಂಗುಲದ ಅರ್ಧ, ಅಂದರೆ ಎಂಟರಲ್ಲಿ ಮೂರು ಅಂಗುಲದ ಪಿಚ್ ಇರುವ ಸರಪಳಿ 7 ಹಲ್ಲಿನ ಗಾಲಿಯ ಮೇಲೆ ಒಂದು ಸುತ್ತಿಗೆ ಸುಮಾರು 13.3 ಸೆಂ.ಮೀ. ಮುಂದೆ ಸಾಗುತ್ತದೆ. ನಿಮಿಷಕ್ಕೆ 9,000 ಸುತ್ತು ತಿರುಗುವಾಗ ಅದರ ವೇಗ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ಸಣ್ಣ ಯಂತ್ರವೂ ಹೊರೆಯಿಲ್ಲದಾಗ ಹೆಚ್ಚುಕಡಿಮೆ ಇದೇ ವೇಗವನ್ನು ಮುಟ್ಟಬಲ್ಲದು. ವ್ಯತ್ಯಾಸ ಕಾಣುವುದು ಸರಪಳಿ ದಪ್ಪ ದಿಮ್ಮಿಯೊಳಗೆ ಹೂತಾಗ. ಏಕಕಾಲಕ್ಕೆ ಹೆಚ್ಚು ಹಲ್ಲುಗಳು ಮರವನ್ನು ಕಚ್ಚಿದಾಗ ದುರ್ಬಲ ಎಂಜಿನಿನ ವೇಗ ಕುಸಿಯುತ್ತದೆ. ಬಲವಾದ ಎಂಜಿನ್ ವೇಗವನ್ನು ಕಾಯ್ದುಕೊಳ್ಳುತ್ತದೆ. ಹೆಚ್ಚಿನ ಶಕ್ತಿಗೆ ಕೊಡುವ ಹಣ ಈ ಒಂದು ಗುಣಕ್ಕಾಗಿ ಎಂಬುದನ್ನು ನೆನಪಿಡಬೇಕು.

ಒಂದು ಟನ್ ಸೌದೆಯಲ್ಲಿ ಎಷ್ಟು ಕೊಯ್ತ?

ಹಸಿ ಮರದ ಒಂದು ಟನ್ ಎಂದರೆ ಸ್ಥೂಲವಾಗಿ ಒಂದು ಘನ ಮೀಟರ್. ಅದನ್ನು 40 ಸೆಂ.ಮೀ. ಉದ್ದದ ತುಂಡುಗಳಾಗಿ ಕೊಯ್ಯಬೇಕೆಂದು ಇಟ್ಟುಕೊಳ್ಳೋಣ. ಒಂದು ಘನ ಮೀಟರನ್ನು 0.4ರಿಂದ ಭಾಗಿಸಿದರೆ 2.5 ಚದರ ಮೀಟರ್ ಬರುತ್ತದೆ. ಅಂದರೆ ಗರಗಸವು ಒಟ್ಟು 2.5 ಚದರ ಮೀಟರ್, ಅಥವಾ 25,000 ಚದರ ಸೆಂ.ಮೀ. ಮೇಲ್ಮೈಯನ್ನು ಸೀಳಿ ಸಾಗಬೇಕು. ದಿಮ್ಮಿ ತೆಳ್ಳಗಿರಲಿ, ದಪ್ಪಗಿರಲಿ, ಈ ಮೊತ್ತ ಬದಲಾಗುವುದಿಲ್ಲ.

ಬದಲಾಗುವುದು ಕೊಯ್ತಗಳ ಸಂಖ್ಯೆ. 15 ಸೆಂ.ಮೀ. ವ್ಯಾಸದ ಅಕೇಶಿಯಾ ಕೊಂಬೆಗಳಾದರೆ ಒಂದು ಟನ್ನಿಗೆ ಸುಮಾರು 140 ಕೊಯ್ತಗಳು ಬೇಕು. 45 ಸೆಂ.ಮೀ. ವ್ಯಾಸದ ಮಾವಿನ ದಿಮ್ಮಿಯಾದರೆ 16 ಕೊಯ್ತಗಳು ಸಾಕು. ಮೊದಲನೆಯ ಸಂದರ್ಭದಲ್ಲಿ ಒಂದೊಂದು ಕೊಯ್ತವೂ ಕೆಲವೇ ಸೆಕೆಂಡುಗಳದ್ದು. ಸಮಯವೆಲ್ಲ ಮರವನ್ನು ಎತ್ತಿ ಇಡುವುದರಲ್ಲಿ, ಹೊಂದಿಸುವುದರಲ್ಲಿ, ತುಂಡುಗಳನ್ನು ಸರಿಸುವುದರಲ್ಲಿ ಕಳೆಯುತ್ತದೆ. ಅಲ್ಲಿ ಎಂಜಿನಿನ ಶಕ್ತಿ ನಿರುದ್ಯೋಗಿಯಾಗಿ ಕುಳಿತಿರುತ್ತದೆ. ಎರಡನೆಯ ಸಂದರ್ಭದಲ್ಲಿ ಶಕ್ತಿಗೆ ನಿಜವಾದ ಕೆಲಸವಿದೆ.

ತುಂಡಿನ ಉದ್ದವೂ ಅಷ್ಟೇ ಮುಖ್ಯ. ಅಡಿಕೆ ಬೇಯಿಸುವ ದೊಡ್ಡ ಒಲೆಗೆ 80 ಸೆಂ.ಮೀ. ಉದ್ದದ ಸೌದೆ ನಡೆಯುವುದಾದರೆ ಟನ್ನಿಗೆ 1.25 ಚದರ ಮೀಟರ್ ಕೊಯ್ತ ಸಾಕು. ಬೇಕರಿಯವರು 25 ಸೆಂ.ಮೀ. ತುಂಡು ಕೇಳಿದರೆ 4 ಚದರ ಮೀಟರ್ ಬೇಕು. ಒಂದೇ ತೂಕದ ಸರಕಿಗೆ ಕೆಲಸ ಮೂರು ಪಟ್ಟಿಗಿಂತ ಹೆಚ್ಚು. ಎಂಟರಲ್ಲಿ ಮೂರು ಅಂಗುಲದ ಸರಪಳಿ ಪ್ರತಿ ಕೊಯ್ತಕ್ಕೆ 7ರಿಂದ 8 ಮಿ.ಮೀ. ಮರವನ್ನು ಹೊಟ್ಟಾಗಿಸುತ್ತದೆ. 80 ಸೆಂ.ಮೀ. ತುಂಡಿನಲ್ಲಿ ಈ ನಷ್ಟ ಶೇ. 1, 25 ಸೆಂ.ಮೀ. ತುಂಡಿನಲ್ಲಿ ಶೇ. 3ನ್ನು ದಾಟುತ್ತದೆ. ಎರಡೂ ಬಗೆಯ ಸೌದೆಯನ್ನು ಒಂದೇ ದರದಲ್ಲಿ ಮಾರುವ ವರ್ತಕರು ಬೇಕರಿಯ ಸರಕಿನಲ್ಲಿ ತಮಗರಿವಿಲ್ಲದೆ ಲಾಭ ಕಳೆದುಕೊಳ್ಳುತ್ತಿರುತ್ತಾರೆ. ಯಂತ್ರ ಬದಲಿಸುವ ಮೊದಲು ದರಪಟ್ಟಿ ಬದಲಿಸಬೇಕಾದ ಸಂದರ್ಭವೂ ಉಂಟು.

ಒಂದು ಕಲ್ಪಿತ ಡಿಪೋದ ಉದಾಹರಣೆ

ಭದ್ರಾವತಿಯ ಹೊರವಲಯದಲ್ಲಿ ದಿನಕ್ಕೆ 5 ಟನ್ ಸೌದೆ ಕೊಯ್ಯುವ ಒಂದು ಡಿಪೋ ಇದೆಯೆಂದು ಕಲ್ಪಿಸಿಕೊಳ್ಳೋಣ. ಅಲ್ಲಿರುವುದು 32 ಸಿ.ಸಿ.ಯ ಯಂತ್ರ. ಮಾಲೀಕರು 72 ಸಿ.ಸಿ.ಯ ಯಂತ್ರ ಕೊಳ್ಳಲು ಉತ್ಸುಕರಾಗಿದ್ದಾರೆ. ಗಡಿಯಾರ ಹಿಡಿದು ಅಳೆದಾಗ ಸಣ್ಣ ಯಂತ್ರ ಸೆಕೆಂಡಿಗೆ 20 ಚದರ ಸೆಂ.ಮೀ., ಪರೀಕ್ಷೆಗೆಂದು ಎರವಲು ತಂದ ದೊಡ್ಡ ಯಂತ್ರ 50 ಚದರ ಸೆಂ.ಮೀ. ಕೊಯ್ಯುತ್ತವೆ ಎಂದು ತಿಳಿಯೋಣ. ಮರದ ಜಾತಿ ಮತ್ತು ಹಸಿತನಕ್ಕೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ. ಲೆಕ್ಕದ ಕ್ರಮ ಮಾತ್ರ ಬದಲಾಗದು.

ಸಣ್ಣ ಯಂತ್ರಕ್ಕೆ ಒಂದು ಟನ್ನಿಗೆ 25,000 ಭಾಗಿಸು 20, ಅಂದರೆ 1,250 ಸೆಕೆಂಡು, ಸುಮಾರು 21 ನಿಮಿಷ ಹಿಡಿಯುತ್ತದೆ. ದೊಡ್ಡದಕ್ಕೆ 500 ಸೆಕೆಂಡು, ಸುಮಾರು 8 ನಿಮಿಷ. ಕೊಯ್ತದ ಸಮಯ ಅರ್ಧಕ್ಕಿಂತ ಕೆಳಗಿಳಿಯಿತು. ಮಾರಾಟಗಾರರು ತೋರಿಸುವುದು ಈ ಅಂಕಿಯನ್ನೇ. ಆದರೆ ದಿಮ್ಮಿಯನ್ನು ಉರುಳಿಸಿ ತರುವುದು, ಅಡಿಗಟ್ಟಿಗೆ ಇಡುವುದು, ಅಳತೆ ಗುರುತು ಮಾಡುವುದು, ತುಂಡುಗಳನ್ನು ಒಟ್ಟುವುದು ಮುಂತಾದ ಕೆಲಸಗಳಿಗೆ ಟನ್ನಿಗೆ 50 ನಿಮಿಷ ಹಿಡಿಯುತ್ತದೆ ಎನ್ನೋಣ. ಆಗ ಒಟ್ಟು ಸಮಯ 71 ನಿಮಿಷದಿಂದ 58 ನಿಮಿಷಕ್ಕೆ ಇಳಿಯುತ್ತದೆ. 5 ಟನ್ನಿಗೆ ಸುಮಾರು 6 ಗಂಟೆ ಹಿಡಿಯುತ್ತಿದ್ದ ಕೆಲಸ 5 ಗಂಟೆಗೆ ಮುಗಿಯುತ್ತದೆ. ಉಳಿತಾಯ ದಿನಕ್ಕೆ ಒಂದು ಗಂಟೆ.

ಇದೇ ಡಿಪೋದಲ್ಲಿ ಯಂತ್ರವನ್ನು ಮುಟ್ಟದೆ ಬೇರೊಂದು ಕ್ರಮ ಕೈಗೊಂಡರೆ ಏನಾಗುತ್ತದೆ? ಸೊಂಟದ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಮರ ನಿಲ್ಲುವಂತೆ ಕಬ್ಬಿಣದ ಕೋನಪಟ್ಟಿಗಳಿಂದ ಒಂದು ಅಡ್ಡೆಯನ್ನು ಬೆಸುಗೆ ಹಾಕಿಸಿ, ತೆಳು ಕೊಂಬೆಗಳನ್ನು ಅದರಲ್ಲಿ ಬಿಗಿಯಾಗಿ ಕಟ್ಟುಕಟ್ಟಾಗಿ ಇಟ್ಟು ಒಂದೇ ಕೊಯ್ತಕ್ಕೆ ಹತ್ತಾರು ಕೊಂಬೆಗಳನ್ನು ತುಂಡರಿಸಬಹುದು. ಲಾರಿಯಿಂದ ಇಳಿಸುವ ಜಾಗವನ್ನು ಸ್ವಲ್ಪ ಎತ್ತರಿಸಿ ದಿಮ್ಮಿ ತಾನಾಗಿ ಅಡ್ಡೆಯ ಕಡೆಗೆ ಉರುಳುವಂತೆ ಮಾಡಬಹುದು. ಇದರಿಂದ ಇತರ ಕೆಲಸ 50 ನಿಮಿಷದಿಂದ 35 ನಿಮಿಷಕ್ಕೆ ಇಳಿದರೆ, ಹಳೆಯ ಸಣ್ಣ ಯಂತ್ರದಲ್ಲೇ ಟನ್ನಿಗೆ 56 ನಿಮಿಷ ಸಾಕು. ದೊಡ್ಡ ಯಂತ್ರ ತರುವ ಉಳಿತಾಯಕ್ಕಿಂತ ಇದು ಕಡಿಮೆಯೇನಲ್ಲ. ಮಾಚೇನಹಳ್ಳಿಯಂತಹ ಕೈಗಾರಿಕಾ ಪ್ರದೇಶವಿರುವ, ಬೆಸುಗೆ ಕೆಲಸದವರಿಗೆ ಕೊರತೆಯಿಲ್ಲದ ಅವಳಿ ನಗರಗಳಲ್ಲಿ ಇಂತಹ ಅಡ್ಡೆಯನ್ನು ಮಾಡಿಸಿಕೊಳ್ಳುವುದು ಕಷ್ಟದ ಮಾತಲ್ಲ.

ಹಲ್ಲಿನ ಹರಿತವೇ ಅರ್ಧ ಶಕ್ತಿ

ಇಂದಿನ ಸರಪಳಿಯ ಹಲ್ಲಿನ ವಿನ್ಯಾಸಕ್ಕೆ ಒಂದು ಸ್ವಾರಸ್ಯಕರ ಹಿನ್ನೆಲೆಯಿದೆ. ಅಮೆರಿಕೆಯ ಆರೆಗಾನ್ ರಾಜ್ಯದ ಜೋಸೆಫ್ ಕಾಕ್ಸ್ ಎಂಬ ಮರಗೆಲಸಗಾರರು ಒಣ ಬೊಡ್ಡೆಯೊಳಗೆ ದುಂಬಿಯ ಹುಳು ಎಡಕ್ಕೂ ಬಲಕ್ಕೂ ಸರದಿಯಂತೆ ಕೊರೆಯುತ್ತ ಸಾಗುವುದನ್ನು ಗಮನಿಸಿ, ಎಡ ಬಲ ಹಲ್ಲುಗಳು ಒಂದರ ಬಳಿಕ ಒಂದು ಬರುವ ಸರಪಳಿಯನ್ನು ರೂಪಿಸಿದರು. 1947ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಇಂದು ಬಹುತೇಕ ಎಲ್ಲ ಸರಪಳಿಗಳೂ ಅದರ ಸಂತತಿ. ಈ ಹಲ್ಲು ಮರವನ್ನು ಉಜ್ಜುವುದಿಲ್ಲ, ಚಿಕ್ಕ ಉಳಿಯಂತೆ ಹೆರೆಯುತ್ತದೆ. ಆದ್ದರಿಂದ ಹರಿತ ತಪ್ಪಿದೊಡನೆ ಅದರ ಕೆಲಸವೇ ನಿಂತುಹೋಗುತ್ತದೆ.

ಹರಿತವಾದ ಸರಪಳಿ ಹೊರಚೆಲ್ಲುವುದು ಚಕ್ಕೆಗಳನ್ನು. ಮೊಂಡಾದ ಸರಪಳಿ ಚೆಲ್ಲುವುದು ನುಣ್ಣನೆಯ ಪುಡಿಯನ್ನು. ಯಂತ್ರವನ್ನು ಮರದ ಮೇಲೆ ಒತ್ತಿ ಹಿಡಿಯಬೇಕಾಗಿ ಬಂದರೆ, ಕೊಯ್ತದಿಂದ ಸುಟ್ಟ ವಾಸನೆ ಬಂದರೆ, ಕೊಯ್ತ ಒಂದು ಬದಿಗೆ ವಾಲಿದರೆ, ಅದು ಶಕ್ತಿಯ ಕೊರತೆಯಲ್ಲ, ಅರದ ಕೊರತೆ. ಮಳೆಗಾಲದಲ್ಲಿ ಕೆಸರು ಮೆತ್ತಿದ ದಿಮ್ಮಿಗಳು, ನೆಲಕ್ಕೆ ತಗಲುವ ಒಂದೇ ಒಂದು ಕೊಯ್ತ ಕೂಡ ಹಲ್ಲನ್ನು ಕೆಡಿಸಲು ಸಾಕು. ಮೇಲಿನ ಉದಾಹರಣೆಯಲ್ಲಿ ಮೊಂಡು ಹಲ್ಲಿನಿಂದಾಗಿ ಸಣ್ಣ ಯಂತ್ರದ ವೇಗ 20ರಿಂದ 10ಕ್ಕೆ ಇಳಿದಿದ್ದರೆ ಟನ್ನಿಗೆ 21 ನಿಮಿಷದ ಬದಲು 42 ನಿಮಿಷ ಹಿಡಿಯುತ್ತಿತ್ತು. ಆ ಸ್ಥಿತಿಯಲ್ಲಿ ಹೊಸ ದೊಡ್ಡ ಯಂತ್ರ ತಂದ ಮಾಲೀಕರಿಗೆ ಅದು ಐದು ಪಟ್ಟು ವೇಗದ್ದಾಗಿ ಕಾಣುತ್ತದೆ. ಅದರಲ್ಲಿ ಎರಡು ಪಟ್ಟು ಹೊಸ ಹಲ್ಲಿನದು ಎಂಬುದು ಅವರ ಗಮನಕ್ಕೆ ಬರುವುದಿಲ್ಲ. ಕೆಲವು ದಿನಗಳಲ್ಲಿ ಆ ಹಲ್ಲೂ ಮೊಂಡಾದಾಗ, ಹೊಸ ಯಂತ್ರವೂ ಹಳೆಯದರಂತೆಯೇ ಆಯಿತೆಂಬ ದೂರು ಆರಂಭವಾಗುತ್ತದೆ.

ಪ್ರತಿ ಸಲ ಇಂಧನ ತುಂಬುವಾಗ ಎಲ್ಲ ಹಲ್ಲುಗಳಿಗೂ ಎರಡು ಮೂರು ಸಲ ಅರ ಎಳೆಯುವುದು ಉತ್ತಮ ಪದ್ಧತಿ. ಸಣ್ಣ ಯಂತ್ರಗಳ ತೆಳು ಸರಪಳಿಗೆ 4 ಮಿ.ಮೀ., 0.325 ಅಂಗುಲ ಪಿಚ್‌ನ ಸರಪಳಿಗೆ 4.8 ಮಿ.ಮೀ., ಎಂಟರಲ್ಲಿ ಮೂರು ಅಂಗುಲದ ದೊಡ್ಡ ಸರಪಳಿಗೆ 5.2 ಮಿ.ಮೀ. ದಪ್ಪದ ದುಂಡು ಅರ ಬಳಕೆಯಲ್ಲಿದೆ. ಅರ ಹಿಡಿಯುವ ಕೋನ ಸಾಮಾನ್ಯವಾಗಿ 30 ಡಿಗ್ರಿ. ಪ್ರತಿ ಹಲ್ಲಿನ ಮುಂದಿರುವ ಆಳ ನಿಯಂತ್ರಕ ಗುಬ್ಬಿ ಹಲ್ಲಿನ ತುದಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಹಲ್ಲು ಸವೆದಂತೆ ಈ ಗುಬ್ಬಿಯನ್ನೂ ತಗ್ಗಿಸದಿದ್ದರೆ, ಹರಿತವಾದ ಹಲ್ಲು ಕೂಡ ಮರವನ್ನು ಮುಟ್ಟದೆ ಜಾರುತ್ತದೆ.

ದೊಡ್ಡ ಯಂತ್ರ ಯಾರಿಗೆ ಅವಶ್ಯ?

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ದೊಡ್ಡ ಯಂತ್ರ ನಿರರ್ಥಕ ಎಂದಲ್ಲ. ಡಿಪೋಗೆ ಬರುವ ದಿಮ್ಮಿಗಳ ಸುತ್ತಳತೆಯನ್ನು ಒಂದು ವಾರ ಕಾಲ ಟೇಪಿನಿಂದ ಅಳೆದು ಬರೆದಿಡಬೇಕು. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಒಂದು ಮೀಟರ್ ಸುತ್ತಳತೆ ಎಂದರೆ ಸುಮಾರು 32 ಸೆಂ.ಮೀ. ವ್ಯಾಸ. ನೂರು ದಿಮ್ಮಿಗಳ ಪಟ್ಟಿ ಸಿದ್ಧವಾದರೆ ಉತ್ತರ ತಾನಾಗಿ ಗೋಚರಿಸುತ್ತದೆ.

ಬಹುಪಾಲು ಮರ 25 ಸೆಂ.ಮೀ.ಗಿಂತ ಕಡಿಮೆ ವ್ಯಾಸದ್ದಾದರೆ, ಅಂದರೆ ಅಕೇಶಿಯಾ, ನೀಲಗಿರಿ, ಗಾಳಿ ಮರ, ಸಿಲ್ವರ್ ಓಕ್ ಕೊಂಬೆ ಮತ್ತು ಹಳೆಯ ಅಡಿಕೆ ಮರಗಳೇ ಹೆಚ್ಚಾಗಿದ್ದರೆ, ಸಣ್ಣ ಅಥವಾ ಮಧ್ಯಮ ಯಂತ್ರ ಧಾರಾಳವಾಗಿ ಸಾಕು. ವಿದ್ಯುತ್ ಸಂಪರ್ಕವಿರುವ ಡಿಪೋಗಳು 2 ಕಿಲೋವ್ಯಾಟ್‌ನ ವಿದ್ಯುತ್ ಚೈನ್‌ಸಾವನ್ನೂ ಪರಿಶೀಲಿಸಬಹುದು. 230 ವೋಲ್ಟಿನಲ್ಲಿ ಅದು ಎಳೆಯುವ ಪ್ರವಾಹ 9 ಆಂಪಿಯರ್ ಆಸುಪಾಸು. ಹೊಗೆಯಿಲ್ಲ, ಇಂಧನ ಬೆರೆಸುವ ಗೋಜಿಲ್ಲ. ಆದರೆ ಮಳೆಯಲ್ಲಿ ಬಳಸಬಾರದು. ತಂತಿ ತಕ್ಕಷ್ಟು ದಪ್ಪವಾಗಿರಬೇಕು, ಸೋರಿಕೆ ಪ್ರವಾಹವನ್ನು ತಡೆಯುವ ಸ್ವಿಚ್ ಇರಲೇಬೇಕು.

25ರಿಂದ 40 ಸೆಂ.ಮೀ. ವ್ಯಾಸದ ಮರವೇ ಹೆಚ್ಚಾಗಿದ್ದರೆ 45ರಿಂದ 55 ಸಿ.ಸಿ.ಯ ಯಂತ್ರಕ್ಕೆ 16 ಅಥವಾ 18 ಅಂಗುಲದ ಬಾರ್ ಹೊಂದುತ್ತದೆ. ಅವಳಿ ನಗರಗಳ ಬಹುತೇಕ ಡಿಪೋಗಳ ಮಿಶ್ರ ಸರಕಿಗೆ ಈ ವರ್ಗವೇ ಸೂಕ್ತ. 40 ಸೆಂ.ಮೀ.ಗೆ ಮೇಲ್ಪಟ್ಟ ಹುಣಸೆ, ಮಾವು, ಹಲಸಿನ ಬೊಡ್ಡೆಗಳು ದಿನನಿತ್ಯ ಬರುತ್ತಿದ್ದರೆ, ದಿನಕ್ಕೆ ಮೂರು ನಾಲ್ಕು ಗಂಟೆ ಎಂಜಿನ್ ಹೊರೆಯಲ್ಲಿ ಓಡುತ್ತಿದ್ದರೆ, ಆಗ 60 ಸಿ.ಸಿ.ಗೆ ಮೇಲಿನ ಯಂತ್ರ ಅವಶ್ಯ. ಅಲ್ಲಿ ಸಣ್ಣ ಯಂತ್ರವನ್ನು ದುಡಿಸುವುದು ಸುಳ್ಳು ಉಳಿತಾಯ. ಬೊಡ್ಡೆಯನ್ನು ಎರಡೂ ಬದಿಯಿಂದ ಕೊಯ್ಯಬೇಕಾಗುತ್ತದೆ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ, ಕ್ಲಚ್ ಸುಡುತ್ತದೆ. ಆದರೆ ಇಂತಹ ಬೊಡ್ಡೆ ತಿಂಗಳಿಗೆ ನಾಲ್ಕೈದು ಮಾತ್ರ ಬರುವುದಾದರೆ, ಆ ದಿನಕ್ಕೆ ಬಾಡಿಗೆಯ ಯಂತ್ರ ಮತ್ತು ಅನುಭವಸ್ಥ ಕೆಲಸಗಾರನನ್ನು ಕರೆಸುವುದೇ ಲಾಭಕರ.

ಬಾರ್ ಮತ್ತು ಸರಪಳಿಯ ಹೊಂದಾಣಿಕೆ

ಸಣ್ಣ ಎಂಜಿನಿಗೆ ಉದ್ದನೆಯ ಬಾರ್ ಹಾಕಿಸಿದರೆ ದೊಡ್ಡ ಯಂತ್ರವಾಗುತ್ತದೆ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಉದ್ದನೆಯ ಬಾರ್ ಎಂದರೆ ಮರದೊಳಗೆ ಹೆಚ್ಚು ಹಲ್ಲು, ಹೆಚ್ಚು ಘರ್ಷಣೆ, ಹೆಚ್ಚು ಎಣ್ಣೆಯ ಬೇಡಿಕೆ. ಸಣ್ಣ ಯಂತ್ರದ ಎಣ್ಣೆ ಪಂಪಿಗೆ ಬಾರಿನ ತುದಿಯವರೆಗೆ ಎಣ್ಣೆ ತಲುಪಿಸುವ ಸಾಮರ್ಥ್ಯವಿರುವುದಿಲ್ಲ. ದಿಮ್ಮಿಯ ವ್ಯಾಸಕ್ಕಿಂತ ಎರಡು ಅಂಗುಲ ಹೆಚ್ಚಿರುವ ಬಾರ್ ಸಾಕು. 35 ಸಿ.ಸಿ. ಒಳಗಿನ ಯಂತ್ರಕ್ಕೆ 14ರಿಂದ 16 ಅಂಗುಲ, 50 ಸಿ.ಸಿ. ಆಸುಪಾಸಿಗೆ 16ರಿಂದ 18 ಅಂಗುಲ, 70 ಸಿ.ಸಿ. ಆಸುಪಾಸಿಗೆ 20ರಿಂದ 25 ಅಂಗುಲ ಎಂಬುದು ಸಾಮಾನ್ಯ ಮಿತಿ.

ಸರಪಳಿ ಕೊಳ್ಳುವಾಗ ಪಿಚ್, ಬಾರಿನ ಸೀಳಿನಲ್ಲಿ ಕೂರುವ ಕೊಂಡಿಯ ದಪ್ಪ ಮತ್ತು ಆ ಕೊಂಡಿಗಳ ಸಂಖ್ಯೆ ಈ ಮೂರನ್ನೂ ಬರೆದುಕೊಂಡು ಹೋಗಬೇಕು. ಉದ್ದ ಮಾತ್ರ ಹೇಳಿ ತಂದ ಸರಪಳಿ ಗಾಲಿಯ ಮೇಲೆ ಕೂರದೆ ಹಿಂದಿರುಗಿಸಬೇಕಾದ ಪ್ರಸಂಗಗಳು ಸಾಕಷ್ಟು. ಎರಡು ಮೂರು ಸರಪಳಿಗಳನ್ನು ಸರದಿಯಂತೆ ಬಳಸಿ, ಅವು ಸವೆದ ಬಳಿಕ ಗಾಲಿಯನ್ನೂ ಬದಲಿಸುವುದು ಸರಿಯಾದ ಕ್ರಮ.

ತಡವಾಗಿ ಕೊಯ್ದುದಕ್ಕೆ ತೆರುವ ಬೆಲೆ

ಶಿವಮೊಗ್ಗ ಜಿಲ್ಲೆಯಲ್ಲಿ ಅಡಿಕೆ ಕೊಯ್ಲು ಮಳೆಗಾಲ ಇಳಿಮುಖವಾಗುತ್ತಿದ್ದಂತೆ ಆರಂಭವಾಗುತ್ತದೆ. ಎಳೆಯ ಅಡಿಕೆಯನ್ನು ಸುಲಿದು ಬೇಯಿಸಿ ಒಣಗಿಸುವ ಕೆಂಪಡಿಕೆಯ ಪದ್ಧತಿ ಇಲ್ಲಿಯದಾದ್ದರಿಂದ ಸೌದೆಯ ಬೇಡಿಕೆ ಆ ತಿಂಗಳುಗಳಲ್ಲಿ ಒಮ್ಮೆಲೇ ಏರುತ್ತದೆ. ಆಲೆಮನೆಗಳು ಬಹುಮಟ್ಟಿಗೆ ಕಬ್ಬಿನ ಸಿಪ್ಪೆಯಿಂದಲೇ ಉರಿಯುವುದರಿಂದ ಅವುಗಳ ಹೊರೆ ಕಡಿಮೆ. ಅಡಿಕೆಯ ಬೇಡಿಕೆ ಬಂದಾಗ ಆತುರಾತುರವಾಗಿ ಹಸಿ ಮರ ಕೊಯ್ಯಲು ತೊಡಗುವ ಡಿಪೋಗಳಿಗೆ ಎಷ್ಟು ಶಕ್ತಿಯ ಯಂತ್ರವಿದ್ದರೂ ಸಾಲದೆನಿಸುವುದು ಸಹಜ.

ಆತುರದ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಪೂರ್ಣವಾಗಿ ಒಣಗಿದ ಮರದ ಒಂದು ಕಿಲೋಗ್ರಾಂ ಸುಮಾರು 18.5 ಮೆಗಾಜೌಲ್ ಶಾಖ ಕೊಡುತ್ತದೆ. ಶೇ. 20ರಷ್ಟು ನೀರಿರುವ ಸೌದೆಯಿಂದ ದೊರೆಯುವುದು ಸುಮಾರು 14 ಮೆಗಾಜೌಲ್. ಶೇ. 50ರಷ್ಟು ನೀರಿರುವ ಹಸಿ ಸೌದೆಯಿಂದ ಸುಮಾರು 8 ಮಾತ್ರ, ಏಕೆಂದರೆ ಶಾಖದ ಒಂದು ಪಾಲು ಒಳಗಿನ ನೀರನ್ನು ಆವಿ ಮಾಡಲು ವ್ಯಯವಾಗುತ್ತದೆ. ತೂಕಕ್ಕೆ ಹಣ ಕೊಟ್ಟ ಗ್ರಾಹಕ ಹಸಿ ಸೌದೆಯಲ್ಲಿ ನೀರನ್ನೇ ಕೊಂಡಂತೆ. ಮುಂದಿನ ವರ್ಷ ಆತ ಬೇರೆ ಡಿಪೋ ಹುಡುಕುತ್ತಾನೆ.

ಜನವರಿಯಿಂದ ಮೇ ತಿಂಗಳವರೆಗೆ ನಿಧಾನವಾಗಿ ಕೊಯ್ದು, ಸೀಳಿ, ನೆಲಕ್ಕೆ ತಗಲದಂತೆ ಅಡ್ಡಗಟ್ಟಿಗೆಗಳ ಮೇಲೆ ಒಟ್ಟಿ, ಮಳೆಗೆ ಮುಂಚೆ ಮೇಲ್ಭಾಗವನ್ನು ಮಾತ್ರ ಮುಚ್ಚಿಟ್ಟರೆ ಗಾಳಿಯಾಡಿ ಸೌದೆ ಒಣಗುತ್ತದೆ. ಸಣ್ಣ ತುಂಡುಗಳ ತುದಿಗಳಿಂದ ನೀರು ಬೇಗ ಹೊರಹೋಗುವುದರಿಂದ ಮೊದಲೇ ಕೊಯ್ದಿಡುವುದಕ್ಕೆ ಅರ್ಥವಿದೆ. ದಿನಕ್ಕೆ 10 ಟನ್ನಿನಂತೆ ಎರಡು ತಿಂಗಳು ಕೊಯ್ಯುವ ಬದಲು 4 ಟನ್ನಿನಂತೆ ಐದು ತಿಂಗಳು ಕೊಯ್ದರೂ ಒಟ್ಟು ಸರಕು ಒಂದೇ. ಮೊದಲನೆಯದಕ್ಕೆ ದೊಡ್ಡ ಯಂತ್ರ ಬೇಕು; ಎರಡನೆಯದಕ್ಕೆ ಇರುವ ಯಂತ್ರ ಸಾಕು. ದಾಸ್ತಾನಿಗೆ ತೊಡಗಿಸುವ ಹಣದ ಬಡ್ಡಿಯನ್ನು ಯಂತ್ರದ ಬೆಲೆಯೊಡನೆ ಮತ್ತು ಒಣ ಸೌದೆಗೆ ದೊರೆಯುವ ಹೆಚ್ಚಿನ ದರದೊಡನೆ ತೂಗಿ ನೋಡಿ ತೀರ್ಮಾನಿಸಬೇಕು.

ಇಂಧನ ಮತ್ತು ತೆರಿಗೆ

ಹೆಚ್ಚಿನ ಪೆಟ್ರೋಲ್ ಚೈನ್‌ಸಾಗಳು ಎರಡು ಸ್ಟ್ರೋಕಿನ ಎಂಜಿನ್ ಹೊಂದಿವೆ. ತಯಾರಕರು ಸೂಚಿಸಿದ ಉತ್ತಮ ಎಣ್ಣೆಯಾದರೆ 50:1 ಪ್ರಮಾಣ, ಅಂದರೆ ಲೀಟರಿಗೆ 20 ಮಿ.ಲೀ. ಬೆರೆಸುವುದು ಸಾಮಾನ್ಯ. ಅಂದಾಜಿನ ಮೇಲೆ ಬೆರೆಸಿದರೆ ಒಂದೋ ಪಿಸ್ಟನ್ ಹಿಡಿಯುತ್ತದೆ, ಇಲ್ಲವೇ ಸೈಲೆನ್ಸರ್ ಮಸಿ ಕಟ್ಟುತ್ತದೆ. 2025ರ ವೇಳೆಗೆ ದೇಶಾದ್ಯಂತ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಳಕೆಗೆ ಬಂದಿದೆ. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣದ್ದು. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದ ಮಿಶ್ರಣ ಕಾರ್ಬುರೇಟರನ್ನು ಕೆಡಿಸಬಲ್ಲದು. ವಾರಕ್ಕೆ ಬೇಕಾದಷ್ಟನ್ನೇ ಬೆರೆಸಿ, ಕೆಲಸ ನಿಲ್ಲಿಸುವ ಮುನ್ನ ಟ್ಯಾಂಕನ್ನು ಬರಿದುಮಾಡಿಡಬೇಕು. ಹೊಸ ಯಂತ್ರ ಕೊಳ್ಳುವಾಗ ಅದು ಇಂತಹ ಪೆಟ್ರೋಲಿಗೆ ಹೊಂದುತ್ತದೆಯೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ತೆರಿಗೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಉರುವಲು ಸೌದೆಗೆ ಜಿ.ಎಸ್.ಟಿ. ವಿನಾಯಿತಿ ಇದೆ. ವಿನಾಯಿತಿಯ ಸರಕನ್ನು ಮಾತ್ರ ಮಾರುವವರಿಗೆ ಯಂತ್ರದ ಮೇಲೆ ಕೊಟ್ಟ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯುವ ಅವಕಾಶವಿಲ್ಲ. ಆದ್ದರಿಂದ ಅವರು ತೆರಿಗೆಯನ್ನೂ ಸೇರಿಸಿದ ಪೂರ್ಣ ಬೆಲೆಯನ್ನೇ ಖರ್ಚೆಂದು ಲೆಕ್ಕ ಹಿಡಿಯಬೇಕು. ತೆರಿಗೆಯುಳ್ಳ ಸರಕನ್ನೂ ತಯಾರಿಸುವ ಉದ್ದಿಮೆದಾರರು ತಮ್ಮ ಲೆಕ್ಕ ಪರಿಶೋಧಕರ ಸಲಹೆ ಪಡೆಯುವುದು ಸೂಕ್ತ.

ಕೆಲಸಗಾರನ ಕೈ ಮತ್ತು ಕಿವಿ

ಶಕ್ತಿ ಹೆಚ್ಚಿದಂತೆ ತೂಕವೂ ಅಪಾಯವೂ ಹೆಚ್ಚುತ್ತವೆ. 32 ಸಿ.ಸಿ.ಯ ಯಂತ್ರ ಬಾರ್ ಇಲ್ಲದೆ 4 ಕಿ.ಗ್ರಾಂ. ಆಸುಪಾಸು ತೂಗಿದರೆ, 72 ಸಿ.ಸಿ.ಯದು 6 ಕಿ.ಗ್ರಾಂ. ಮೀರುತ್ತದೆ. ಬಾರ್, ಸರಪಳಿ, ಇಂಧನ ಸೇರಿದಾಗ ಹೊರೆ ಇನ್ನೂ ಹೆಚ್ಚು. ಸಂಜೆಯ ವೇಳೆಗೆ ದಣಿದ ತೋಳು ಅದನ್ನು ಹಿಡಿತದಲ್ಲಿಡದು. ಬಾರಿನ ಮೂತಿಯ ಮೇಲ್ಭಾಗ ಮತ್ತೊಂದು ದಿಮ್ಮಿಗೆ ತಗಲಿದರೆ ಯಂತ್ರ ಕ್ಷಣಾರ್ಧದಲ್ಲಿ ಕೆಲಸಗಾರನ ಮುಖದ ಕಡೆಗೆ ಹಾರುತ್ತದೆ. ಸೌದೆಯ ರಾಶಿಯ ನಡುವೆ ಕೊಯ್ಯುವಾಗ ಇದರ ಸಂಭವ ಹೆಚ್ಚು. ಸರಪಳಿಯನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಇಲ್ಲದ, ಅಥವಾ ಅದು ಕೆಟ್ಟಿರುವ ಯಂತ್ರವನ್ನು ಎಷ್ಟೇ ಅಗ್ಗವಾಗಿ ದೊರೆತರೂ ಕೊಳ್ಳಬಾರದು.

ಚೈನ್‌ಸಾ ಚಾಲಕನ ಕಿವಿಗೆ ತಲುಪುವ ಸದ್ದು 100 ಡೆಸಿಬಲ್ ದಾಟುವುದು ಸಾಮಾನ್ಯ. ನಮ್ಮ ದೇಶದ ಕಾರ್ಖಾನೆಗಳಲ್ಲಿ ರೂಢಿಯಲ್ಲಿರುವ ಮಿತಿಯಂತೆ 90 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದಾದರೆ, 100 ಡೆಸಿಬಲ್‌ನಲ್ಲಿ 2 ಗಂಟೆ ಮಾತ್ರ. ವರ್ಷಗಟ್ಟಲೆ ಕಂಪನಕ್ಕೆ ಒಡ್ಡಿದ ಬೆರಳುಗಳು ಚಳಿಯಲ್ಲಿ ಬಿಳಿಚಿ ಜೋಮು ಹಿಡಿಯುವ ಕಾಯಿಲೆಯೂ ಈ ವೃತ್ತಿಗೆ ಅಂಟಿಕೊಂಡಿದೆ. ಕಂಪನ ತಡೆಯುವ ಸ್ಪ್ರಿಂಗುಗಳುಳ್ಳ ಯಂತ್ರ, ಕಿವಿಗವಸು, ಮುಖಪರದೆಯುಳ್ಳ ಹೆಲ್ಮೆಟ್, ಕಾಲಿಗೆ ಸರಪಳಿ ತಡೆಯುವ ದಪ್ಪ ಹೊದಿಕೆ ಮತ್ತು ಗಟ್ಟಿ ಬೂಟು ಇವುಗಳ ಬೆಲೆಯನ್ನು ಯಂತ್ರದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಬೇಕು. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ನೀಡುವ ಹೊಣೆಯನ್ನು ಕಾನೂನು ಮಾಲೀಕನ ಮೇಲೆ ಇರಿಸಿದೆ. ಕಾನೂನು ಒತ್ತಟ್ಟಿಗಿರಲಿ, ಕಾಲು ಕಳೆದುಕೊಂಡ ಕೆಲಸಗಾರನ ಮನೆಗೆ ಯಾವ ಪರಿಹಾರವೂ ಸಾಲದು.

ಕಾನೂನಿನ ಚೌಕಟ್ಟು

ಖಾಸಗಿ ಜಮೀನಿನ ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಗಾಳಿ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಈ ಪಟ್ಟಿ ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಸಾಗಣೆ ರಹದಾರಿ ಬೇಕಾದ ಜಾತಿಗಳಿಗೆ ಅದನ್ನು ಪಡೆದು, ಪ್ರತಿಯನ್ನು ಡಿಪೋದಲ್ಲಿ ಕಾದಿಡಬೇಕು. ಅರಣ್ಯದೊಳಗೆ ಅನುಮತಿಯಿಲ್ಲದೆ ಮರ ಕಡಿದ ಪ್ರಕರಣದಲ್ಲಿ ಯಂತ್ರ ಮತ್ತು ವಾಹನಗಳೂ ಜಪ್ತಿಯಾಗುತ್ತವೆ. ಆದ್ದರಿಂದ ಯಂತ್ರವನ್ನು ಬಾಡಿಗೆಗೆ ಕೊಡುವವರು ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಬರೆದಿಡುವುದು ಕ್ಷೇಮ. ಡಿಪೋದಲ್ಲಿ ಸ್ಥಿರವಾದ ವೃತ್ತಗರಗಸ ಸ್ಥಾಪಿಸುವ ಯೋಚನೆಯಿದ್ದರೆ, ಸಾಮಿಲ್ ಪರವಾನಗಿಯ ವ್ಯಾಪ್ತಿಗೆ ಅದು ಬರುತ್ತದೆಯೇ ಎಂಬುದನ್ನು ಅರಣ್ಯ ಇಲಾಖೆಯಿಂದ ಲಿಖಿತವಾಗಿ ತಿಳಿದುಕೊಂಡ ಬಳಿಕವೇ ಹಣ ತೊಡಗಿಸಬೇಕು.

ಖರೀದಿಗೆ ಮುನ್ನ ಉತ್ತರಿಸಬೇಕಾದ ಪ್ರಶ್ನೆಗಳು

1. ನೂರು ದಿಮ್ಮಿಗಳಲ್ಲಿ 40 ಸೆಂ.ಮೀ. ವ್ಯಾಸ ಮೀರಿದವು ಎಷ್ಟು?

2. ಒಂದು ಟನ್ನಿಗೆ ಹಿಡಿಯುವ ಒಟ್ಟು ಸಮಯದಲ್ಲಿ ಗರಗಸ ಮರದೊಳಗೆ ಇರುವುದು ಎಷ್ಟು ನಿಮಿಷ?

3. ಹೊಸದಾಗಿ ಅರ ಹಾಕಿದ ಸರಪಳಿಯಿಂದ ಈಗಿನ ಯಂತ್ರ ಎಷ್ಟು ವೇಗವಾಗಿ ಕೊಯ್ಯುತ್ತದೆ?

4. ಗ್ರಾಹಕರು ಕೇಳುವ ತುಂಡಿನ ಉದ್ದಕ್ಕೆ ತಕ್ಕಂತೆ ದರ ನಿಗದಿಯಾಗಿದೆಯೇ?

5. ಬೇಡಿಕೆಗೆ ಮೂರು ನಾಲ್ಕು ತಿಂಗಳ ಮುಂಚೆಯೇ ಕೊಯ್ದು ಒಟ್ಟಲು ಜಾಗ ಮತ್ತು ಬಂಡವಾಳ ಇದೆಯೇ?

6. ಆಯ್ದ ಮಾದರಿಗೆ ನಗರದಲ್ಲಿಯೇ ದುರಸ್ತಿ ಸೌಲಭ್ಯ ಮತ್ತು ಬಿಡಿಭಾಗ ದೊರೆಯುತ್ತವೆಯೇ?

7. ಅದನ್ನು ಹಿಡಿಯುವ ಕೆಲಸಗಾರನಿಗೆ ತರಬೇತಿ ಮತ್ತು ರಕ್ಷಣಾ ಸಾಮಗ್ರಿ ಸಿದ್ಧವಿದೆಯೇ?

ಮೊದಲನೆಯ ಪ್ರಶ್ನೆಗೆ ಅರ್ಧಕ್ಕಿಂತ ಹೆಚ್ಚು ಎಂಬ ಉತ್ತರ ಬಂದು, ಎರಡನೆಯದರಲ್ಲಿ ಗರಗಸದ ಪಾಲು ದೊಡ್ಡದಾಗಿದ್ದರೆ, ಹೆಚ್ಚು ಶಕ್ತಿಯ ಯಂತ್ರವನ್ನು ನಿಶ್ಚಿಂತೆಯಿಂದ ಕೊಳ್ಳಬಹುದು. ಅದು ತನ್ನ ಬೆಲೆಯನ್ನು ತಾನೇ ದುಡಿದು ಕೊಡುತ್ತದೆ. ಹಾಗಿಲ್ಲದಿದ್ದರೆ ಒಂದು ಅಡ್ಡೆ, ಮೂರು ಸರಪಳಿ, ಒಂದು ಡಜನ್ ಅರ ಮತ್ತು ಜನವರಿಯಲ್ಲಿ ಆರಂಭವಾಗುವ ಕೆಲಸದ ಪಟ್ಟಿ ಇವಿಷ್ಟರಿಂದ ಈ ವರ್ಷವನ್ನು ದಾಟಿ ನೋಡುವುದು ಲೇಸು. ಮುಂದಿನ ಅಡಿಕೆ ಹಂಗಾಮಿನ ಹೊತ್ತಿಗೂ ಕೊರತೆ ಹಾಗೆಯೇ ಉಳಿದಿದ್ದರೆ, ಆಗ ಅಂಗಡಿಗೆ ಹೋಗುವ ವರ್ತಕರ ಕೈಯಲ್ಲಿ ತಮ್ಮ ಡಿಪೋದ್ದೇ ಅಂಕಿಅಂಶಗಳಿರುತ್ತವೆ, ಮಾರಾಟಗಾರರ ಮಾತಿಗೆ ತಲೆದೂಗುವ ಪ್ರಮೇಯ ಬರುವುದಿಲ್ಲ.